ತೇಜಸ್ ಮಾಡೆಲ್‌ಗೆ ಯಾವ ಎಂಜಿನ್? ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಎಂಟು ಮತ್ತು ಒಂಬತ್ತನೇ ತರಗತಿಯ ಏರೋಮಾಡೆಲಿಂಗ್ ಕ್ಲಬ್‌ನ ಮಕ್ಕಳು ಈ ವರ್ಷ ರಿಮೋಟ್‌ನಿಂದ ಹಾರುವ, ತೇಜಸ್ ಯುದ್ಧವಿಮಾನದ ಮಾಡೆಲ್ ಕಟ್ಟುತ್ತಿದ್ದಾರೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ, "ಮೇಡಂ, ಮಗ ನಿಜವಾದ ಜೆಟ್ ಎಂಜಿನ್ನೇ ಬೇಕು ಅಂತ ಹಟ ಹಿಡಿದಿದ್ದಾನೆ, ತರಿಸಿಕೊಡಲಾ?" ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಯಾಕೆ ಬೇಡ ಎಂದು ಹೇಳುವುದಕ್ಕೇ ಈ ಪತ್ರ.

ಮಕ್ಕಳು ಕೇಳುತ್ತಿರುವುದು ಮೈಕ್ರೋ ಟರ್ಬೈನ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ ಆಟದ ಸಾಮಾನಲ್ಲ. ಸೀಮೆಎಣ್ಣೆಗೆ ಸ್ವಲ್ಪ ಆಯಿಲ್ ಬೆರೆಸಿ ಉರಿಸುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಹಿಂದಿನಿಂದ ಬರುವ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ನಾವು ಕಟ್ಟುತ್ತಿರುವುದು ಫೋಮ್ ಶೀಟಿನ ವಿಮಾನ. ಆ ಬಿಸಿಗೆ ಕರಗಿಯೇ ಹೋಗುತ್ತದೆ. ಟರ್ಬೈನ್ ಕೂರಿಸಬೇಕಾದರೆ ಫೈಬರ್‌ಗ್ಲಾಸ್ ಮೈ ಬೇಕು, ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಬೇಕು, ಉದ್ದನೆಯ ರನ್‌ವೇ ಬೇಕು, ವರ್ಷಗಟ್ಟಲೆ ಹಾರಿಸಿ ಪಳಗಿದ ಕೈ ಬೇಕು. ಖರ್ಚು ಲಕ್ಷದ ಲೆಕ್ಕ. ಶಾಲೆಯ ಮಕ್ಕಳಿಗೆ ಇದು ಬೇಡ, ಅಷ್ಟೇ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಹಾಗಾದರೆ ಯಾವ ಎಂಜಿನ್? ಇದಕ್ಕೆ ಉತ್ತರ ಹುಡುಕುವ ಮೊದಲು ಮಕ್ಕಳನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಮಾರುತ್ ಎಂಬ ಹಳೆಯ ಯುದ್ಧವಿಮಾನ ಇದೆ. ಎಚ್‌ಎಎಲ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ, ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ತಯಾರಾದದ್ದು. 1961ರ ಜೂನ್‌ನಲ್ಲಿ ಮೊದಲ ಸಲ ಹಾರಿತು. ಶಬ್ದಕ್ಕಿಂತ ವೇಗವಾಗಿ ಹೋಗಲಿ ಎಂದೇ ಅದರ ಮೈಕಟ್ಟು ಮಾಡಿದ್ದರು. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. ಬ್ರಿಟನ್ ಅದನ್ನು ಪೂರ್ತಿ ಮಾಡಲಿಲ್ಲ, ನಾವೂ ದುಡ್ಡು ಹಾಕಲಿಲ್ಲ. ಕೊನೆಗೆ ಸಿಕ್ಕ ಚಿಕ್ಕ ಆರ್ಫಿಯಸ್ ಎಂಜಿನ್ ಎರಡನ್ನು ಹಾಕಿ ಹಾರಿಸಿದರು. 1971ರ ಯುದ್ಧದಲ್ಲಿ ಲೋಂಗೇವಾಲಾ ಕಡೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅಂದುಕೊಂಡ ವೇಗ ಮಾತ್ರ ಬರಲಿಲ್ಲ. ತೇಜಸ್ ಕಥೆಯಲ್ಲೂ ಇದರ ನೆರಳಿದೆ. ಅದಕ್ಕೆಂದು ಇಲ್ಲಿಯ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ, ಕಾವೇರಿ ಎಂಬ ಎಂಜಿನ್ ಮಾಡಲು ಹೊರಟಿತ್ತು, ಅದು ಸಿದ್ಧವಾಗಲಿಲ್ಲ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಮೇಲೇರಿದ್ದು ಮಾತ್ರ ಅಮೆರಿಕದ ಜಿಇ 404 ಎಂಜಿನ್ನಿನಿಂದ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ, "ಹಾಗಾದ್ರೆ ನಾವು ಎಂಜಿನ್ ಮೊದಲು ತಗೊಂಡು ಆಮೇಲೆ ವಿಮಾನದ ಸೈಜ್ ನೋಡೋಣ್ವಾ?" ಅಂದಳು. ಕ್ಲಬ್ ಈಗ ಅದನ್ನೇ ಮಾಡುತ್ತಿದೆ.

ಆರಿಸಿಕೊಂಡದ್ದು ಇಡಿಎಫ್, ಅಂದರೆ ಕೊಳವೆಯೊಳಗೆ ಕರೆಂಟ್ ಮೋಟರಿನಿಂದ ತಿರುಗುವ ಫ್ಯಾನ್. ನಮ್ಮದು 64 ಮಿಲಿಮೀಟರ್ ಅಗಲದ್ದು. ನಾಲ್ಕು ಸೆಲ್‌ನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಕೊಟ್ಟರೆ ಸುಮಾರು ಒಂದು ಕೆಜಿ ಬಲದಿಂದ ತಳ್ಳುತ್ತದೆ, ಮಿಕ್ಸಿಯ ಹಾಗೆ ಕೂಗುತ್ತದೆ. ನಿಜವಾದ ತೇಜಸ್ 13.2 ಮೀಟರ್ ಉದ್ದ, ರೆಕ್ಕೆ ತುದಿಯಿಂದ ತುದಿಗೆ 8.2 ಮೀಟರ್. ಹನ್ನೆರಡರಲ್ಲಿ ಒಂದು ಪಾಲು ಮಾಡಿದರೆ 1.1 ಮೀಟರ್ ಉದ್ದ, 68 ಸೆಂಟಿಮೀಟರ್ ರೆಕ್ಕೆ. ಒಟ್ಟು ತೂಕ 1.2 ಕೆಜಿ ದಾಟದಿದ್ದರೆ ಈ ಫ್ಯಾನ್ ಮುಂದಕ್ಕೆ ತಳ್ಳಿದಾಗ ರೆಕ್ಕೆ ಅದನ್ನು ಎತ್ತುತ್ತದೆ.

ತೂಕದ ವಿಷಯದಲ್ಲೇ ಮಕ್ಕಳ ನಡುವೆ ಜಗಳ. ನಿಜವಾದ ವಿಮಾನದಂತೆ ಕಾಣಬೇಕು ಎಂದು ಪೇಂಟ್ ಮೇಲೆ ಪೇಂಟ್ ಬಳಿಯುವ ಗುಂಪು ಒಂದು. ಗ್ರಾಂ ಗ್ರಾಂ ತೂಗಿ ಬೈಯುವ ಗುಂಪು ಇನ್ನೊಂದು. ಪೆನ್ಸಿಲ್‌ನಲ್ಲಿ ಪ್ಯಾನೆಲ್ ಗೆರೆ ಎಳೆದು, ಮೇಲೆ ತೆಳ್ಳಗೆ ಒಂದೇ ಕೋಟ್ ಬಳಿಯುವುದು ಎಂದು ರಾಜಿಯಾಗಿದೆ. ಗಾಳಿ ಒಳಗೆ ಹೋಗುವ ಕಿಂಡಿಯದು ಇನ್ನೊಂದು ತೊಂದರೆ. ಅಳತೆಗೆ ಸರಿಯಾಗಿ ಮಾಡಿದರೆ ಕಿಂಡಿ ತೀರಾ ಚಿಕ್ಕದಾಗಿ ಫ್ಯಾನಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ, ಇನ್ನೊಂದು ತೂತು ಕೊರೆಯುತ್ತಾರೆ. ಇದು ಮೋಸ ಅಲ್ವಾ ಎಂದು ಒಬ್ಬ ಕೇಳಿದ. ಮೋಸವೇ. ಆದರೆ ಹಾರುತ್ತದೆ!

ಫ್ಯಾನಿನ ಬದಲು ವಿಮಾನದ ಹಿಂಭಾಗಕ್ಕೆ ಪ್ರೊಪೆಲ್ಲರ್ ಹಾಕಿದರೆ ಇದಕ್ಕಿಂತ ಕಡಿಮೆ ಕರೆಂಟಿನಲ್ಲಿ ಹೆಚ್ಚು ತಳ್ಳು ಸಿಗುತ್ತದೆ. ಪ್ರೊಪೆಲ್ಲರ್‌ನ ದೊಡ್ಡ ಬ್ಲೇಡ್ ಜಾಸ್ತಿ ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ, ಕೆಲಸ ಸುಲಭ. ಕಲಿಯುವವರಿಗೆ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಆದ್ದರಿಂದ ಎಲ್ಲರೂ ಮೊದಲು ಮುಂದೆ ಪ್ರೊಪೆಲ್ಲರ್ ಇರುವ ಸಾದಾ ಟ್ರೈನರ್ ವಿಮಾನ ಹಾರಿಸಿ, ಸರಿಯಾಗಿ ಇಳಿಸುವುದನ್ನು ಕಲಿತ ಮೇಲೆಯೇ ತೇಜಸ್ ಮುಟ್ಟಬೇಕು. ಟ್ರೈನರ್‌ನಲ್ಲಿ ಪ್ರೊಪೆಲ್ಲರ್ ಗಾಳಿ ಬಾಲದ ಮೇಲೆ ಬೀಸಿ ಹಿಡಿತ ಕೊಡುತ್ತದೆ. ಇಡಿಎಫ್‌ನಲ್ಲಿ ಅದಿಲ್ಲ. ವೇಗ ಇಳಿದರೆ ರಿಮೋಟ್ ಎಷ್ಟು ತಿರುಗಿಸಿದರೂ ವಿಮಾನ ಮಾತು ಕೇಳುವುದಿಲ್ಲ.

ಹಾರಾಟ ಇಷ್ಟೇ ಹೊತ್ತಾ ಎಂದು ಬೇಜಾರಾಗಬೇಡಿ. 2200 ಎಂಎಎಚ್ ಬ್ಯಾಟರಿ, ಅಂದರೆ 2.2 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು. ಪೂರ್ತಿ ವೇಗದಲ್ಲಿ ಸುಮಾರು 45 ಆಂಪಿಯರ್ ಖರ್ಚು. ಭಾಗಿಸಿ ನೋಡಿ, ಮೂರು ನಿಮಿಷವೂ ಬರುವುದಿಲ್ಲ. ಅದಕ್ಕಾಗಿ ಸುಮ್ನೆ ದೊಡ್ಡ ಬ್ಯಾಟರಿ ಕೊಡಿಸಬೇಡಿ. ತೂಕ ಏರುತ್ತದೆ, ಅಷ್ಟೇ.

ಬ್ಯಾಟರಿ ಬಗ್ಗೆ ಮಾತ್ರ ತುಂಬಾ ಗಂಭೀರವಾಗಿ ಹೇಳುತ್ತಿದ್ದೇನೆ. ಲೈಪೋ ಬ್ಯಾಟರಿ ಪೆಟ್ಟು ತಿಂದರೆ ಅಥವಾ ಮಿತಿಮೀರಿ ಚಾರ್ಜ್ ಆದರೆ ಬೆಂಕಿ ಹತ್ತಿಕೊಳ್ಳಬಹುದು. ನಮ್ಮ ಬ್ಯಾಟರಿಗಳು ಲ್ಯಾಬ್‌ನ ಕಬ್ಬಿಣದ ಪೆಟ್ಟಿಗೆಯಲ್ಲೇ ಇರುತ್ತವೆ, ಟೀಚರ್ ಎದುರೇ ಚಾರ್ಜ್ ಆಗುತ್ತವೆ. ಯಾವ ಮಗುವಿನ ಬ್ಯಾಗಿನಲ್ಲೂ ಮನೆಗೆ ಬರಬಾರದು. ಬಂದಿದ್ದರೆ, ಅದರಲ್ಲೂ ಊದಿಕೊಂಡಿದ್ದರೆ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಬೇಡಿ, ನಮಗೆ ಫೋನ್ ಮಾಡಿ. ಕ್ಲಬ್ ದಿನ ಐಡಿ ಕಾರ್ಡಿನ ಟ್ಯಾಗ್ ಮತ್ತು ದುಪಟ್ಟಾ ತೆಗೆದಿಡಬೇಕು, ಉದ್ದ ಜಡೆಯನ್ನು ಮೇಲೆ ಕಟ್ಟಬೇಕು. ಆ ಫ್ಯಾನ್ ಮುಂದೆ ಬಂದದ್ದನ್ನೆಲ್ಲ ಎಳೆದುಕೊಳ್ಳುತ್ತದೆ.

ಶಾಲೆಯ ಮೈದಾನದಲ್ಲಿ ಹಾರಿಸುವುದಿಲ್ಲ. ಯಲಹಂಕ, ಜಕ್ಕೂರು, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಹೀಗೆ ನಮ್ಮ ಊರಿನ ಸುತ್ತ ನಿಜವಾದ ವಿಮಾನಗಳು ಓಡಾಡುತ್ತವೆ. 2021ರ ಡ್ರೋನ್ ನಿಯಮಗಳು ಬಂದಿವೆ. ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಇರುವ, ಊರಾಚೆಯ ಬಯಲಿಗೆ ಭಾನುವಾರ ಬೆಳಿಗ್ಗೆ ಶಾಲೆಯ ಬಸ್ಸಿನಲ್ಲೇ ಹೋಗುತ್ತೇವೆ. ನೀವೂ ಬರಬಹುದು. ಅಪ್ಪಂದಿರಲ್ಲಿ ಒಂದು ವಿನಂತಿ: ರಿಮೋಟ್ ಮಕ್ಕಳ ಕೈಯಲ್ಲೇ ಇರಲಿ.

ಫ್ಯಾನ್, ಮೋಟರ್, ಬ್ಯಾಟರಿ ಖರ್ಚು ಶಾಲೆಯದು. ನೀವು ಕಳಿಸಬೇಕಾದದ್ದು ಒಂದು ಸೇಫ್ಟಿ ಕನ್ನಡಕ ಮತ್ತು ಸಹಿ ಮಾಡಿದ ಒಪ್ಪಿಗೆ ಚೀಟಿ. ಚೀಟಿ ಡೈರಿಯಲ್ಲಿ ಅಂಟಿಸಿದೆ, ಶುಕ್ರವಾರದೊಳಗೆ ಕ್ಲಾಸ್ ಟೀಚರ್ ಕೈಗೆ ತಲುಪಲಿ.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕಿ