ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನಡೆಯುವ ಮಗಳಿಗೆ

ಸಾಗರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದ ಮಿಷಿಗನ್ನಿನ ಆ ಹೋಟನ್‌ನಲ್ಲಿಯೇ ಮನೆ ಕೊಳ್ಳುತ್ತೇನೆ ಎಂದು ನೀನು ಹೇಳಿದಾಗ ಫೋನಿನಲ್ಲಿ ನಾನು ಆಡಿದ ಮಾತು ತೀರ ಖಾರವಾಯಿತೆಂದು ನಿನ್ನ ಅಮ್ಮ ಇನ್ನೂ ಮುಖ ಬಿಗಿದುಕೊಂಡಿದ್ದಾಳೆ. ಏರಿದ ದನಿಗಾಗಿ ಕ್ಷಮೆ ಇರಲಿ. ಮಾತನ್ನು ಮಾತ್ರ ನಾನು ಹಿಂತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ಆದ್ದರಿಂದ ಕಾಗದ ಬರೆಯುತ್ತಿದ್ದೇನೆ.

ನಿನ್ನ ಊರಿನ ಬಗ್ಗೆ ನನಗೆ ತಕರಾರಿಲ್ಲ. ಎಂಟು ಸಾವಿರದಷ್ಟು ಜನರಿರುವ ಊರು, ನಡೆದು ಹೋಗುವಷ್ಟು ದೂರದಲ್ಲಿ ಕಚೇರಿ, ಕಾಲುವೆಯಾಚೆ ಮಾಂಟ್ ರಿಪ್ಲೆ ಗುಡ್ಡ, ವಿಶ್ವವಿದ್ಯಾಲಯದ ಪಕ್ಕದಲ್ಲೇ ಶುರುವಾಗುವ ಕಾಡುಹಾದಿಗಳು. ಕ್ಯಾಲಿಫೋರ್ನಿಯಾದ ದೊಡ್ಡ ಸಂಬಳವನ್ನು ನಿಮ್ಮ ಮಗಳು ಯಾಕೆ ಬಿಟ್ಟಳೆಂದು ನೆಂಟರು ಕೇಳಿದರೆ, ಅವಳು ಕೆಲಸ ಮುಗಿಸಿ ಸಂಜೆ ದೀಪದ ಬೆಳಕಿನಲ್ಲಿ ಸ್ಕೀ ಮಾಡಿ ಮನೆಗೆ ಹೋಗುತ್ತಾಳೆ, ಕ್ಯಾಲಿಫೋರ್ನಿಯಾದಲ್ಲಿ ಆ ಹೊತ್ತಿಗೆ ಕಾರಿನಲ್ಲಿ ಕೂತಿರುತ್ತಾಳೆ ಎಂದು ಜಂಬದಿಂದಲೇ ಉತ್ತರಿಸುತ್ತೇನೆ. ನಿನಗೆ ಇದನ್ನು ಹೇಳಿರಲಿಲ್ಲ, ಅಷ್ಟೆ.

ಇಡೀ ಜೀವನ ಭೂಗೋಳ ಕಲಿಸಿದವನಿಗೆ ಆ ಜಾಗ ಎಷ್ಟು ಹಿಡಿಸಿತೆಂದು ನಿನಗೆ ಗೊತ್ತು. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ದೊಡ್ಡದಾದ ಸುಪೀರಿಯರ್ ಸರೋವರದ ಮೇಲೆ ಕೆನಡಾದ ಕಡೆಯಿಂದ ಬೀಸುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದ ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿಕೊಂಡು, ಅರಬ್ಬೀ ಸಮುದ್ರದ ಗಾಳಿ ನಮ್ಮ ಘಟ್ಟ ಹತ್ತುವಾಗ ಮಳೆ ಸುರಿಸುವಂತೆ, ಕೀವಿನಾ ಪರ್ಯಾಯ ದ್ವೀಪದ ಗುಡ್ಡಗಳನ್ನು ಏರುವಾಗ ಹಿಮವಾಗಿ ಸುರಿಯುತ್ತದೆ. ಒಂದು ಚಳಿಗಾಲಕ್ಕೆ ಇನ್ನೂರು ಇಂಚು ಅಲ್ಲಿ ಹೆಚ್ಚುಗಾರಿಕೆಯಲ್ಲ, 1978-79ರಲ್ಲಿ 390.4 ಇಂಚು ಬಿದ್ದದ್ದನ್ನು ಹೆದ್ದಾರಿಯ ಪಕ್ಕದಲ್ಲಿ ನಿಲ್ಲಿಸಿರುವ ಆ ಎತ್ತರದ ಅಳತೆಗೋಲಿನ ಬುಡದಲ್ಲಿ ನಿಂತು ನಾವೂ ನೋಡಿದೆವು. ಅಷ್ಟು ಹಿಮದಲ್ಲೂ ಜನ ಬೆಳಗ್ಗೆ ಎದ್ದು ಹಿಮ ತೆಗೆಯುವ ಅಗಲ ಸಲಿಕೆ ತಳ್ಳಿ ಅಂಗಳ ಬಿಡಿಸಿ ಕೆಲಸಕ್ಕೆ ಹೊರಡುತ್ತಾರೆ. ಮಳೆ ಜೋರಾದರೆ ರಜೆ ಘೋಷಿಸುವ ಊರಿನ ನನಗೆ ಅವರ ಮೇಲೆ ಗೌರವವಿದೆ.

ನನ್ನ ತಕರಾರು ಪೋರ್ಟೇಜ್ ಕಾಲುವೆಯದು. ನಾವು ಬಂದಿದ್ದ ಆ ಫೆಬ್ರವರಿಯ ಮಧ್ಯಾಹ್ನ ನೀನು ಅಮ್ಮನನ್ನು ಕಾರಿನಲ್ಲಿ ಕೂರಿಸಿ, ಮೀನು ಹಿಡಿಯುವ ಸ್ನೇಹಿತರಿಗೆ ಚಹಾ ಕೊಟ್ಟು ಬರುತ್ತೇನೆಂದು ಫ್ಲಾಸ್ಕ್ ಹಿಡಿದು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಹೋದೆ. ನಾನು ದಡದಲ್ಲಿ ನಿಂತಿದ್ದೆ. ನಿನ್ನ ಕೆಂಪು ಜಾಕೆಟ್ಟು ಗುಡಾರಗಳ ನಡುವೆ ಚಿಕ್ಕದಾಗುತ್ತ ಹೋಗುವಾಗ ಕಾಲುವೆಯ ಒಳಗಿನಿಂದ ಗುಡುಗಿದಂಥ ಸದ್ದು ಬಂತು. ಯಾರೂ ತಲೆ ಎತ್ತಲಿಲ್ಲ, ನೀನೂ ನಿಲ್ಲಲಿಲ್ಲ. ಮಂಜುಗಡ್ಡೆ ಹಿಗ್ಗುವಾಗ, ಕುಗ್ಗುವಾಗ ಹಾಗೆ ಸದ್ದು ಮಾಡುತ್ತದೆ ಅಪ್ಪಾ, ಆ ಸದ್ದೊಂದೇ ಅಪಾಯದ ಲಕ್ಷಣವಲ್ಲ ಎಂದು ಬಂದಮೇಲೆ ನೀನು ನಕ್ಕೆ. ನೀನು ಹೇಳಿದ್ದು ನಿಜವೇ. ನಾನು ಓದಿ ಖಚಿತಪಡಿಸಿಕೊಂಡಿದ್ದೇನೆ. ಆದರೂ ಇಲ್ಲಿ ಶರಾವತಿ ಹಿನ್ನೀರಿನ ದಡಕ್ಕೆ ಹೋದಾಗಲೆಲ್ಲ ನನಗೆ ಆ ಸದ್ದೇ ಕೇಳಿಸುತ್ತದೆ, ಆ ಸದ್ದು ಬಂದಾಗ ನಿನ್ನ ಹೆಸರು ಹಿಡಿದು ಕೂಗಲೂ ಆಗದೆ, ಓಡಿ ಬಂದರೆ ನನ್ನ ಭಾರವೂ ಸೇರೀತೆಂದು ಹೆದರಿ ದಡದಲ್ಲೇ ನಿಂತದ್ದು ನೆನಪಾಗುತ್ತದೆ. ನೀನು ಫ್ಲಾಸ್ಕ್ ಕೊಟ್ಟು, ಯಾರೊಡನೆಯೋ ಮಾತಿಗೆ ನಿಂತು, ಕೈ ಆಡಿಸುತ್ತ ಏನೋ ವಿವರಿಸುತ್ತಿದ್ದೆ. ಎಷ್ಟು ಹೊತ್ತು ಮಾತನಾಡಿದೆ ಮಗಳೇ!

ಆ ಊರಿನ ಹಳಬರಿಗೆ ಮಂಜಿನ ಮರ್ಮ ತಿಳಿದಿದೆ ಎಂದು ನೀನು ಹೇಳುತ್ತೀಯೆ. ಅವರು ಕಲಿತದ್ದು ಬೇರೆ ಕಾಲದ ಚಳಿಗಾಲದಲ್ಲಿ. 2023-24ರ ಚಳಿಗಾಲವನ್ನು ನೀನೇ ಕಂಡಿದ್ದೀಯೆ: ಹಿಮವಿಲ್ಲದೆ ಕಾಪರ್‌ಡಾಗ್ ನಾಯಿಬಂಡಿ ಸ್ಪರ್ಧೆ ರದ್ದಾಯಿತು, ವಿಸ್ಕಾನ್ಸಿನ್‌ನ ಬರ್ಕಬೈನರ್ ಸ್ಕೀ ಓಟವನ್ನು ಯಂತ್ರದಿಂದ ತಯಾರಿಸಿದ ಹಿಮದ ಹತ್ತು ಕಿಲೋಮೀಟರ್ ಸುತ್ತಿನಲ್ಲಿ ನಡೆಸಿದರು. ಸರೋವರ ಬೆಚ್ಚಗೆ ಉಳಿದಷ್ಟೂ ಗಾಳಿಗೆ ತೇವ ಹೆಚ್ಚು ಸಿಗುವುದರಿಂದ ಕೆಲವು ವರ್ಷ ಹಿಮ ಜಾಸ್ತಿಯೂ ಬೀಳಬಹುದು. ಆದರೆ ಬಿದ್ದ ಹಿಮ ಕಾಲುವೆಯ ಮೇಲೆ ಹೊದ್ದುಕೊಂಡರೆ ಕೆಳಗಿನ ಮಂಜುಗಡ್ಡೆ ಬೇಗ ದಪ್ಪವಾಗುವುದಿಲ್ಲ. ತಿಳಿಯಾದ ಹೊಸ ಮಂಜು ನಾಲ್ಕು ಇಂಚಿದ್ದರೆ ನಡೆಯಬಹುದು ಎಂಬ ಲೆಕ್ಕ ಬೆಳ್ಳಗಿನ ಮಂಜಿಗೆ ಅನ್ವಯಿಸುವುದಿಲ್ಲ, ಅದರ ಬಲ ಅರ್ಧದಷ್ಟೇ. ಸೇತುವೆಯ ಕಂಬಗಳ ಬಳಿ, ತೊರೆ ಸೇರುವಲ್ಲಿ, ನೀರಿನ ಸೆಳೆತವಿರುವಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ. ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲೇರಲು ಬೇಕಾದ ಹಿಡಿಮೊಳೆಗಳ ಜೋಡಿಯನ್ನು ಕುತ್ತಿಗೆಗೆ ನೇತುಹಾಕಿಕೊಳ್ಳದೆ ಕಾಲಿಡಬೇಡ. ಒಂದು ವೇಳೆ ಬಿದ್ದರೆ ಮೊದಲ ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಆಗ ಗಾಬರಿಯಾಗದೆ ತೇಲುವುದೊಂದೇ ಕೆಲಸ. ಕೈಕಾಲು ಹಿಡಿತದಲ್ಲಿರುವುದು ಸುಮಾರು ಹತ್ತು ನಿಮಿಷ. ಬಂದ ದಿಕ್ಕಿಗೇ ತಿರುಗಿ, ಕಾಲು ಬಡಿದು ಮೇಲೆ ಬಂದು, ಎದ್ದು ನಿಲ್ಲದೆ ಉರುಳಬೇಕು. ಇದನ್ನೆಲ್ಲ ನೀನು ನನಗಿಂತ ಚೆನ್ನಾಗಿ ಬಲ್ಲೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಪಾಠ ಇನ್ನೊಂದಿದೆ, ಚಿಕ್ಕದು. 2018ರ ಜೂನ್ 17ರಂದು ಆ ಗುಡ್ಡಗಳ ಮೇಲೆ ಕೆಲವೇ ಗಂಟೆಗಳಲ್ಲಿ ಏಳು ಇಂಚಿನವರೆಗೂ ಮಳೆ ಬಿದ್ದು ರಸ್ತೆಗಳು ಕಿತ್ತುಹೋದವು, ಇಳಿಜಾರಿನ ಮನೆಗಳ ನೆಲಮಾಳಿಗೆಗೆ ನೀರೂ ಕೆಸರೂ ನುಗ್ಗಿದವು. ನೀನು ನೋಡಿರುವ ಮನೆಯೂ ಇಳಿಜಾರಿನದೇ. ಮಾರುವವರನ್ನು ಆ ದಿನದ ಬಗ್ಗೆ ನೇರವಾಗಿ ಕೇಳು, ಮೇಲಿನ ಮೋರಿಯ ನೀರು ಎಲ್ಲಿ ಇಳಿಯುತ್ತದೆಂದು ನಡೆದು ನೋಡು. ಮುಂದಿನ ಹತ್ತಾರು ವರ್ಷ ಬಾಳುವ ಊರನ್ನು ಅದರ ಇಂದಿನ ಹಿಮ ನೋಡಿಯಷ್ಟೇ ಆರಿಸಬಾರದು ಎಂಬುದೇ ಫೋನಿನಲ್ಲಿ ನಾನು ಹೇಳಹೊರಟದ್ದು, ಹೇಳಿದ್ದು ಹಾಗಿರಲಿಲ್ಲ.

ಅಮ್ಮ ಮತ್ತೆ ಬರಲು ಸಿದ್ಧಳಿದ್ದಾಳೆ, ಆದರೆ ರಾತ್ರಿ ಹತ್ತರ ಹತ್ತಿರದವರೆಗೆ ಬೆಳಕಿರುವ ಜೂನ್ ತಿಂಗಳಲ್ಲಿ ಮಾತ್ರವಂತೆ. ಮುಂಗಡ ಹಣಕ್ಕೆ ಕಡಿಮೆ ಬಿದ್ದರೆ ಸಂಕೋಚಪಡಬೇಡ, ಅಡಿಕೆ ಮಾರಿದ ಮೇಲೆ ಸ್ವಲ್ಪ ಕಳಿಸಬಲ್ಲೆ. ಮನೆ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂದು ಗುರುತು ಹಾಕಿದ ನಕ್ಷೆ ಕಳಿಸು.

ಇಂತಿ,
ನಿನ್ನ ಅಪ್ಪ