ಕ್ಯಾಬಿನೆಟ್ಟನ್ನೇ ಬಿಚ್ಚದ ರಿಪೇರಿ ತರಬೇತಿ

ಸಂಪಾದಕರೇ,

ಮಡಿಕೇರಿಲಿ ನಡೆದ ಕಂಪ್ಯೂಟರ್ ರಿಪೇರಿ ತರಬೇತಿ ಯಶಸ್ವಿ ಅಂತ ನಿನ್ನೆ ಫೋಟೋ ಸಮೇತ ಹಾಕಿದ್ದೀರಲ್ಲ, ಆ ಫೋಟೋದ ಹಿಂದಿನ ಸಾಲಲ್ಲಿ ನಾನೂ ಇದ್ದೀನಿ, ಅದಕ್ಕೇ ಬರೀತಿದ್ದೀನಿ. ಮೂರು ದಿನ ಅಂದಿದ್ರು. ಮೊದಲ್ನೇ ದಿನ ಊಟದ ಹೊತ್ತಿನ ತನಕ ದೀಪ ಹಚ್ಚೋದು, ಶಾಲು ಹೊದಿಸೋದು, ಭಾಷಣ. ಎರಡ್ನೇ ದಿನ ಪ್ರೊಜೆಕ್ಟರ್ ಹಾಕಿ ಮೌಸ್ ಅಂದ್ರೇನು ಮಾನಿಟರ್ ಅಂದ್ರೇನು ಅಂತ ಶುರು ಮಾಡಿದ್ರು, ಕರೆಂಟ್ ಹೋಯ್ತು, ಯುಪಿಎಸ್ಸೂ ಇಲ್ಲ, ಸಂಜೆ ತನಕ ಕತ್ತಲಲ್ಲಿ ಕೂತಿದ್ವಿ. ಮೂರ್ನೇ ದಿನ ಸರ್ಟಿಫಿಕೇಟ್. ಒಂದೇ ಒಂದು ಸಿಪಿಯುನ ಸ್ಕ್ರೂ ಬಿಚ್ಚಲಿಲ್ಲ!

ನಂದು ನಾಪೋಕ್ಲು ಕಡೆ ಚಿಕ್ಕ ಝೆರಾಕ್ಸ್, ಡಿಟಿಪಿ ಅಂಗಡಿ. ಮೂರು ದಿನ ಶಟರ್ ಎಳೆದು ಈ ಮಳೇಲಿ ಬಸ್ಸಲ್ಲಿ ನಿಂತ್ಕೊಂಡು ಹೋಗಿ ಒದ್ದೆ ಬಟ್ಟೇಲೇ ಕೂತಿದ್ದೆ. ಯಾಕೆ ಅಂದ್ರೆ ಹೋದ ವರ್ಷ ಕಕ್ಕಡದಲ್ಲಿ, ಅಂದ್ರೆ ನಮ್ಮ ಜೋರು ಮಳೆ ತಿಂಗಳಲ್ಲಿ, ಸಿಸ್ಟಮ್ ಆನ್ ಮಾಡಿದ್ರೆ ಬರೀ ಬೀಪ್ ಬೀಪ್, ಡಿಸ್‌ಪ್ಲೇ ಇಲ್ಲ, ರಿಪೇರಿಗೆ ಕೊಟ್ರೆ ಮದರ್‌ಬೋರ್ಡ್ ಹೋಗಿದೆ ಅಂತ ಬದಲಾಯ್ಸಿ, ನನ್ನ ಕೇಳದೇ ಫಾರ್ಮ್ಯಾಟ್ ಬೇರೆ ಹೊಡೆದ್ರು, ಗಿರಾಕಿಗಳ ಮದುವೆ ಕಾಗದ, ಫೈಲು ಎಲ್ಲಾ ಹೋಯ್ತು. ಈ ವರ್ಷ ಮತ್ತೆ ಅದೇ ಬೀಪ್. ಪಕ್ಕದ ಮನೆ ಹುಡುಗ ಪ್ಲಗ್ ಕಿತ್ತು, ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ತೆಗೆದು ಅದರ ಹಳದಿ ಅಂಚನ್ನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಒತ್ತಿ ಕೂರಿಸಿದ, ಐದೇ ನಿಮಿಷ, ಆನ್ ಆಯ್ತು. ನಮ್ಮ ಥಂಡಿಗೆ ಅಲ್ಲಿ ಕಿಲುಬು ಕಟ್ಟುತ್ತಂತೆ. ಮದರ್‌ಬೋರ್ಡ್ ಮೇಲಿರೋ ಸಿಆರ್2032 ಅನ್ನೋ ಬಿಲ್ಲೆ ಸೆಲ್ ಸತ್ತರೆ ತಾರೀಖು ಹಿಂದಕ್ಕೆ ಓಡಿ ವೆಬ್‌ಸೈಟೇ ತೆರೆಯಲ್ಲ ಅಂತಾನೂ ಅವನೇ ಹೇಳಿದ್ದು. ಕಲಿಸಬೇಕಾದ್ದು ಇದನ್ನಲ್ವಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದೆ, ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲದ ನಮ್ಮ ಹಳೇ ಸಿಸ್ಟಮ್ ಏನು ಮಾಡೋದು ಅಂತ ತರಬೇತಿಯವರನ್ನ ಕೇಳಿದ್ರೆ ಆಮೇಲೆ ನೋಡೋಣ ಅಂದ್ರು.

ಈ ಅಧಿಕಾರಿಗಳದ್ದು ಯಾವಾಗ್ಲೂ ಇದೇ. ಕರೆಂಟ್ ಹೋಯ್ತು ಅಂದ್ರೆ ಮರ ಬಿದ್ದಿದೆ ಅಂತಾರೆ, ಮರ ಪ್ರತಿ ಮಳೆಗಾಲಾನೂ ಬೀಳುತ್ತೆ, ಮೇ ತಿಂಗಳಲ್ಲೇ ಕೊಂಬೆ ಕಡಿಯೋಕೆ ಏನು ರೋಗ? ವೋಲ್ಟೇಜ್ ಏರಿ ಇಳಿದು ನನ್ನ ಸಿಸ್ಟಮ್ಮಿಗೆ ಕರೆಂಟ್ ಕೊಡೋ ಡಬ್ಬಿ, ಎಸ್‌ಎಂಪಿಎಸ್ ಎರಡು ಸಲ ಸುಟ್ಟಿದೆ. ಆರ್‌ಟಿಸಿಗೆ, ಅಂದ್ರೆ ಪಹಣಿಗೆ, ಹೋದ್ರೆ ಸರ್ವರ್ ಡೌನ್.

ಇನ್ನು ಮುಂದೆ ನಾಲ್ಕು ಹಳೇ ಸಿಪಿಯು ತಂದಿಟ್ಟು ನಮ್ಮ ಕೈಗೆ ಸ್ಕ್ರೂಡ್ರೈವರ್ ಕೊಡಿ, ಇಲ್ಲಾಂದ್ರೆ ಮಾಡ್ಲೇಬೇಡಿ, ಇದಕ್ಕೆ ಎಷ್ಟು ಖರ್ಚಾಯ್ತು ಅಂತಾನೂ ಹೇಳಿ, ಮೊದಲು ಆ ಕರೆಂಟ್ ಸರಿ ಮಾಡಿ. ನಿಮ್ಮ ವರದಿಗಾರರೂ ಕೊನೇ ದಿನ ಬಂದು ಫೋಟೋ ಹೊಡ್ಕೊಂಡು ಹೋಗೋ ಬದಲು ಎರಡ್ನೇ ದಿನ ಬರಬೇಕಿತ್ತು.

ನೊಂದ ಓದುಗ, ನಾಪೋಕ್ಲು