ಸ್ಕ್ಯಾನರ್ ತಗೊಳ್ಳೋಕಿಂತ ಮೊದಲು ಹಾಳಿ ಅಳತಿ ಮಾಡು

ಗೆಳೆಯಾ,

ಇದನ್ನ ನಾಕು ಮಂದಿ ಎದುರಿಗೇ ಬರೀಲಾಕತ್ತೀನಿ. ಖಾಸಗಿಯಾಗಿ ಕಳಿಸಿದ್ರ ನೀ ಒಂದು ಹೆಬ್ಬಟ್ಟು ಒತ್ತಿ ಸುಮ್ಮಾಗ್ತಿ, ಮಂದಿ ನೋಡ್ಲಾಕತ್ರ ಅರ್ಧಾನಾದ್ರೂ ಓದ್ತಿ. ಮನ್ಯಾಗಿನ ಹಳೇ ಕಾಗದಪತ್ರ, ಫೋಟೋ ಸ್ಕ್ಯಾನ್ ಮಾಡ್ಲಾಕ "4800 ಡಿಪಿಐ ಸ್ಕ್ಯಾನರ್ ನೋಡೀನಿ, ತಗೊಳ್ಲ್ಯಾ?" ಅಂತ ಕೇಳಿದ್ದಿ. ಆ ಕೂಲರ್ ತಗೊಳ್ಳೋವಾಗೂ ಹಿಂಗೇ ದೊಡ್ಡ ನಂಬರಿಗೆ ಬಿದ್ದಿದ್ದಿ. ಕೂಲರ್ ಸುದ್ದಿ ಇಲ್ಲಿ ಬ್ಯಾಡ, ವೈನಿ ಓದ್ತಾರ.

ಲೆಕ್ಕ ಹಾಕು. ಡಿಪಿಐ ಅಂದ್ರ ಒಂದು ಇಂಚಿನ್ಯಾಗ ಎಷ್ಟು ಚುಕ್ಕಿ ಅಂತ. ಒಂದು ಎ4 ಹಾಳಿ 300 ಡಿಪಿಐನಾಗ 2480 × 3508 ಪಿಕ್ಸೆಲ್, ಬಣ್ಣದಾಗ ಕಂಪ್ರೆಸ್ ಮಾಡದೇ ಇಟ್ರ 26 ಎಂಬಿ. 600ಕ್ಕ ಏರಿಸಿದ್ರ 104 ಎಂಬಿ. 4800ಕ್ಕ ಏರಿಸಿದ್ರ ಒಂದೇ ಹಾಳಿ 6 ಜಿಬಿ ದಾಟ್ತದ, ಸಾದಾ ಟಿಫ್ ಫೈಲಿನ 4 ಜಿಬಿ ಮಿತಿಯೊಳಗ ಹಿಡ್ಯಂಗೇ ಇಲ್ಲ. ಕಾಗದಪತ್ರಕ್ಕ 300 ಸಾಕು, ಹಳೇ ಫೋಟೋಕ್ಕ 600. ಪಾಸ್‌ಪೋರ್ಟ್ ಸೈಜಿನ ಫೋಟೋ ದೊಡ್ಡದು ಮಾಡಿ ಗ್ವಾಡಿಗೆ ಹಾಕ್ಬೇಕಂದ್ರ 1200. ಅದರಾಚೆ ಕಾಣೋದು ಫೋಟೋ ಅಲ್ಲ, ಕಾಗದದ ನಾರು.

ಅಳತಿ ಮಾಡ್ಬೇಕಾದ್ದು ಹಾಳಿ. ಮನ್ಯಾಗಿನ ಟ್ರಂಕ್ ತೆಗಿ, ಒಂದು ಸ್ಕೇಲ್ ಹಿಡಿ. ಮನಿಗೆ ತಗೊಳ್ಳೋ ಸಣ್ಣ ಫ್ಲಾಟ್‌ಬೆಡ್‌ಗಳ (ಗಾಜಿನ ಮ್ಯಾಲ ಹಾಳಿ ಬೋರಲು ಇಡೋ ಸ್ಕ್ಯಾನರ್) ಗಾಜು ಹೆಚ್ಚುಕಮ್ಮಿ ಎ4 ಅಷ್ಟೇ, 216 × 297 ಮಿ.ಮೀ. ಖರೀದಿ ಪತ್ರ ಲೀಗಲ್ ಸೈಜಿನ ಹಾಳಿ ಮ್ಯಾಲ ಇದ್ರ ಅದರ ಉದ್ದ 356 ಮಿ.ಮೀ. 59 ಮಿ.ಮೀ. ಹೊರಗ ಉಳೀತದ. ಸಾಕ್ಷಿದಾರರ ಸಹಿ, ಹೆಬ್ಬಟ್ಟು ಎಲ್ಲಾ ಸಾಮಾನ್ಯವಾಗಿ ಇರೋದು ಅಲ್ಲೇ. ಅಂಥಾ ಹಾಳಿ ಎರಡು ಸಲ ಸ್ಕ್ಯಾನ್ ಮಾಡಿ ಗಿಂಪ್ ಅನ್ನೋ ಫೋಟೋ ತಿದ್ದೋ ಸಾಫ್ಟ್‌ವೇರಿನ್ಯಾಗ ಎರಡು ಲೇಯರ್ ಇಟ್ಟು ಸೇರ್ಸಬೇಕು. ಸೇರ್ಸೋದು ಕಷ್ಟ ಅಲ್ಲ. ಕಷ್ಟ ಇರೋದು ಗಾಜಿನ ಸುತ್ತಲಿನ ಚೌಕಟ್ಟಿನ್ಯಾಗ. ಅದು ಗಾಜಿಗಿಂತ ಎತ್ತರ ಇದ್ರ, ಹೊರಗ ಹೋಗೋ ಹಾಳಿ ಅಂಚಿನ ಹತ್ರ ಎದ್ದು ನಿಲ್ತದ, ಅಲ್ಲಿ ಅಕ್ಷರ ಮಸುಕಾಗ್ತಾವ. ಅದಕ್ಕ ಅಂಚಿನ 15–20 ಮಿ.ಮೀ. ಕತ್ತರಿಸಿ ಒಗಿ, ಅಷ್ಟು ಭಾಗ ಇನ್ನೊಂದು ಸ್ಕ್ಯಾನಿನ್ಯಾಗ ಚಂದ ಬರೋ ಹಂಗ ಹಾಳಿ ಸರಿಸು. ಸರಿಸು, ತಿರುಗಿಸಬ್ಯಾಡ. ಇವುಗಳ ಬೆಳಕು ಒಂದೇ ಬದಿಯಿಂದ ಬೀಳ್ತದ, ಹಾಳಿ ತಿರುಗಿದ್ರ ಮಡಿಕಿಯ ನೆರಳೂ ತಿರುಗ್ತದ, ಬೆಸುಗಿ ಎದ್ದು ಕಾಣ್ತದ. ಮುಚ್ಚಳದ ಹಿಂಜ್ ಯಾವ ಬದಿಗೆ ಅದ ಅನ್ನೋದೂ ಅಂಗಡ್ಯಾಗೇ ನೋಡು. ಉದ್ದನ್ನ ಹಾಳಿ ಚಾಚೋ ಬದಿಗೇ ಹಿಂಜ್ ಇದ್ರ ಮುಗೀತು. ಎಪ್ಸನ್ ವಿ39ರ ಮುಚ್ಚಳ ಪೂರ್ತಿ ಕಳಚಿ ಇಡ್ಲಾಕ ಬರ್ತದ, ನನಗ ಅದರ ಮ್ಯಾಲ ಪ್ರೀತಿ ಇರೋದು ಅದೊಂದೇ ಕಾರಣಕ್ಕ.

ಈ ತೆಳ್ಳನ ಮಷೀನ್‌ಗಳು, ಕ್ಯಾನನ್ ಲೈಡ್ 300, ಲೈಡ್ 400, ಈ ವಿ39, ಎಲ್ಲಾ ಸಿಐಎಸ್ ಜಾತಿಯವು. ಹಾಳಿ ಅಗಲದಷ್ಟೇ ಸೆನ್ಸರ್ ಪಟ್ಟಿ ಗಾಜಿನ ಕೆಳಗ ಅಂಟಿಕೊಂಡಂಗ ಓಡ್ತದ. ಕೆಂಪು, ಹಸಿರು, ನೀಲಿ ಎಲ್ಇಡಿ ಒಂದಾದ ಮ್ಯಾಲ ಒಂದು ಮಿಂಚ್ತಾವ. ಲ್ಯಾಂಪ್ ಬಿಸಿ ಆಗೋತನಕ ಕಾಯೋ ಕೆಲಸ ಇಲ್ಲ, ಬ್ಯಾರೆ ಕರೆಂಟ್ ವೈರ್ ಬ್ಯಾಡ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೀತದ. ಕರೆಂಟ್ ಹೋದ್ರೂ ಕೆಲಸ ನಿಲ್ಲಂಗಿಲ್ಲ, ಶಹಾಪುರದಾಗ ಕೂತವನಿಗೆ ಇದರ ಬೆಲಿ ನಾ ಹೇಳ್ಬೇಕಾ. ಆದ್ರ ಸಿಐಎಸ್‌ದು ಗಾಜಿಗೆ ತಾಗಿದ್ದಷ್ಟೇ ಚೊಕ್ಕ ಕಾಣ್ತದ. ಒಂದೆರಡು ಮಿಲಿಮೀಟರ್ ಮ್ಯಾಲಕ್ಕೆದ್ರ ಮಸುಕು. ದಪ್ಪ ಪುಸ್ತಕದ ನಡುಮಡಿಕಿ, ಫ್ರೇಮಿನ ಗಾಜಿಗೆ ಅಂಟಿಕೊಂಡ ಅಜ್ಜನ ಫೋಟೋ, ಇವು ಇದರ ಕೈಗೆ ಸಿಗಂಗಿಲ್ಲ. ಗಾಜಿಗೆ ಅಂಟಿದ ಫೋಟೋ ಕೀಳ್ಲಾಕ ಹೋಗಬ್ಯಾಡ, ಎಮಲ್ಶನ್, ಅಂದ್ರ ಚಿತ್ರ ಇರೋ ಪದರ, ಗಾಜಿನ ಜೊತಿಗೇ ಬರ್ತದ. ಅದನ್ನ ಕಿಟಕಿ ಪಕ್ಕ ಇಟ್ಟು ಕ್ಯಾಮೆರಾದಾಗ ತೆಗಿ. ನೆಗೆಟಿವ್ ರೀಲ್ ಇದ್ರಂತೂ ಈ ಮೂರೂ ಮರ್ತುಬಿಡು, ಮುಚ್ಚಳದಾಗ ಬೆಳಕಿರೋ ಎಪ್ಸನ್ ವಿ600 ಥರದ ಸಿಸಿಡಿ (ಲೆನ್ಸ್ ಇರೋ ಬ್ಯಾರೆ ಜಾತಿ) ಮಷೀನ್ ಬೇಕು. ಅದು ಸಣ್ಣದಲ್ಲ, ಅಗ್ಗದ್ದೂ ಅಲ್ಲ.

ಧೂಳಿನ ಮಾತು. ಒಂದು ಕಡಿ ಬ್ಯಾಳಿ ಮಿಲ್ಲು, ಇನ್ನೊಂದು ಕಡಿ ವಾಡಿ, ಸೇಡಂ ಸಿಮೆಂಟು, ನಮ್ಮ ಕಡಿ ಧೂಳಿಗೆ ಬರ ಇಲ್ಲ. ಗಾಜಿನ ಮ್ಯಾಲಿನ ಧೂಳು ಚಿತ್ರದಾಗ ಚುಕ್ಕಿ ಆಗ್ತದ, ಒರ್ಸಿದ್ರ ಹೋಗ್ತದ. ಹಾಳಿ ಉದ್ದಕ್ಕೂ ನೆಟ್ಟಗ ಒಂದು ಗೆರಿ ಬಂದ್ರ ಅದು ಬ್ಯಾರೆ ರೋಗ. ಪ್ರತಿ ಸಲ ಸುರುವಿಗೆ ಸೆನ್ಸರ್ ಒಂದು ಬಿಳಿ ಪಟ್ಟಿ ನೋಡಿ "ಬಿಳಿ ಅಂದ್ರ ಇಷ್ಟು" ಅಂತ ತಿಳ್ಕೊಂತದ. ಆ ಪಟ್ಟಿ ಮ್ಯಾಲ ಒಂದು ಕಣ ಕೂತ್ರ ಆ ಜಾಗದ ಪಿಕ್ಸೆಲ್ ತಪ್ಪು ಲೆಕ್ಕ ಹಿಡಿದು ಕೊನೀತನಕ ಅದೇ ತಪ್ಪು ಎಳೀತದ. ಸಾಫ್ಟ್‌ವೇರಿನ್ಯಾಗ ಕ್ಯಾಲಿಬ್ರೇಶನ್ ಮಾಡಿ ನೋಡು. ಹೋಗ್ಲಿಲ್ಲಂದ್ರ ಒಳಗಿನ ಧೂಳು, ಬಿಚ್ಚಿದ್ರ ವಾರಂಟಿ ಹೋಗ್ತದ. ಅದಕ್ಕೇ ಡಬ್ಬಿ ತೆಗೆದ ದಿನಾನೇ ಎರಡು ಪರೀಕ್ಷಾ ಮಾಡು. ಒಂದು ಖಾಲಿ ಬಿಳಿ ಹಾಳಿ 600ರಾಗ ಸ್ಕ್ಯಾನ್ ಮಾಡಿ, ಕಾಂಟ್ರಾಸ್ಟ್ ಪೂರ್ತಿ ಏರಿಸಿ ಗೆರಿ ಹುಡುಕು. ಆಮ್ಯಾಲ ಸ್ಕೇಲ್ ಇಟ್ಟು ಸ್ಕ್ಯಾನ್ ಮಾಡು: 10 ಸೆಂ.ಮೀ. ಅಂದ್ರ 600 ಡಿಪಿಐನಾಗ ಸುಮಾರು 2362 ಪಿಕ್ಸೆಲ್ ಬರ್ಬೇಕು, ಅಡ್ಡಕ್ಕೂ ಉದ್ದಕ್ಕೂ. ಉದ್ದಕ್ಕ ಮಾತ್ರ ಭಾಳ ಹೆಚ್ಚುಕಮ್ಮಿ ಇದ್ರ ಪಟ್ಟಿ ಓಡೋದ್ರಾಗೇ ತೊಂದ್ರಿ ಅದ, ವಾಪಸ್ ಕೊಡು.

ಒರ್ಸೋದು ಒಣ ಮೈಕ್ರೋಫೈಬರ್ ಬಟ್ಟಿಯಿಂದ. ಗಾಜಿನ ಮ್ಯಾಲ ಸ್ಪ್ರೇ ಹೊಡೀಬ್ಯಾಡ, ಅಂಚಿನ ಸಂದಿಯಿಂದ ಒಳಗಿಳೀತದ. ಜಿಡ್ಡಿದ್ರ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟಿಗೆ ಹಾಕು, ಗಾಜಿಗಲ್ಲ.

ನಡುವೇ "ಸ್ಕ್ಯಾನರ್ ಸಿಗ್ಲಿಲ್ಲ" ಅಂತ ನಿಂತ್ರ ಮಷೀನಿಗೆ ಬೈಯೋಕಿಂತ ಮೊದಲು ವೈರ್ ಬದಲಿಸು. ಸಾದಾ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿಗೆ 500 ಮಿಲಿಆಂಪ್ ಕೊಡ್ತದ, ಅಷ್ಟ್ರಾಗೇ ಮೋಟಾರು, ದೀಪ ಎರಡೂ ನಡೀಬೇಕು. ಉದ್ದನ್ನ ಅಗ್ಗದ ವೈರಿನ್ಯಾಗ ವೋಲ್ಟೇಜ್ ಇಳಿದ್ರ ಪಟ್ಟಿ ಅಲ್ಲೇ ನಿಲ್ತದ. ಹಬ್ ಬ್ಯಾಡ, ನೇರ ಲ್ಯಾಪ್‌ಟಾಪಿಗೇ ಹಾಕು.

ಸೆಟ್ಟಿಂಗಿನ್ಯಾಗ "ಆಟೋ" ಅನ್ನೋದೆಲ್ಲಾ ಬಂದ್ ಮಾಡು. ಕಪ್ಪು-ಬಿಳುಪು ಮೋಡ್ ಕಾಗದಪತ್ರಕ್ಕ ಶತ್ರು: ಮಾಸಿದ ನೇರಳೆ ಮುದ್ರಿ "ಬಿಳಿ" ಅಂತ ಎಣಿಸಿ ಅಳಿಸಿಬಿಡ್ತದ. ಮುದ್ರಿ ಇಲ್ಲದ ಪತ್ರಕ್ಕ ಏನು ಕಿಮ್ಮತ್ತು? ಯಾವಾಗ್ಲೂ ಬಣ್ಣದಾಗೇ ಹಿಡಿ. ತೆಳ್ಳನ ಹಾಳಿ ಎರಡೂ ಕಡಿ ಬರ್ದಿದ್ರ ಹಿಂದ ಕಪ್ಪು ಕಾರ್ಡ್ ಇಡು, ಆಚಿ ಬದಿ ಶಾಯಿ ಕಾಣೋದು ತಗ್ಗತದ. ಹಳೇ ಸ್ಟುಡಿಯೋದ ಜೇನುಗೂಡು ಮೈಯ ಫೋಟೋ ಚುಕ್ಕಿಚುಕ್ಕಿ ಹೊಳೀತದ. ಅದನ್ನ ಒಮ್ಮಿ ನೆಟ್ಟಗ, ಒಮ್ಮಿ 180 ಡಿಗ್ರಿ ತಿರುಗಿಸಿ ಹಿಡಿದು, ಒಂದರ ಮ್ಯಾಲ ಒಂದು ಸರಿಹೊಂದಿಸಿ ಮ್ಯಾಲಿನ ಲೇಯರ್ 50 ಪರ್ಸೆಂಟ್ ಮಾಡು. (ಇಲ್ಲಿ ತಿರುಗಿಸಬೇಕು. ಮ್ಯಾಲ ಹೇಳಿದ ಲೀಗಲ್ ಹಾಳಿಗೆ ತಿರುಗಿಸಬಾರದು. ನೀ ಉಲ್ಟಾ ಮಾಡ್ತಿ ಅಂತ ಗೊತ್ತಿದ್ದೇ ಬರ್ದೀನಿ.) ವಿಂಡೋಸಿಗೆ ಎನ್‌ಎಪಿಎಸ್2 ಅಂತ ಪುಕ್ಕಟಿ ಸಾಫ್ಟ್‌ವೇರ್ ಅದ, ಸಾಕು.

ಫೈಲಿಗೆ ಹೆಸರು ಇಡೋದ್ರಾಗ ಮಾತ್ರ ತಾಳ್ಮಿ ಇರ್ಲಿ. ನಿನ್ನ ಹೊಲ ಈಗ ಯಾದಗಿರಿ ಜಿಲ್ಲಾದಾಗ, ಆದ್ರ ಆ ಜಿಲ್ಲಾ ಆಗಿದ್ದೇ 2009ರ ಕೊನೀಗೆ. ಅದರ ಹಿಂದಿನ ಕಾಗದೆಲ್ಲಾ ಗುಲ್ಬರ್ಗಾ. ಗುಲ್ಬರ್ಗಾ ಕಲಬುರಗಿ ಆಗಿದ್ದು 2014ರಾಗ. ಜಿಲ್ಲಾದ ಹೆಸರು ಬಿಡು, ಊರು, ಸರ್ವೆ ನಂಬರ್, ಇಸ್ವಿ ಇಡು. ನಿಜಾಮರ ಕಾಲದ ಕಾಗದದಾಗ ಫಸಲಿ ಇಸ್ವಿ (ಆಗಿನ ಕಂದಾಯದ ವರ್ಷದ ಲೆಕ್ಕ) ಇರ್ತದ, ಅದಕ್ಕ 590 ಕೂಡ್ಸು. ಹೈದರಾಬಾದ್ ಭೂಕಂದಾಯ ಕಾಯ್ದೆ 1317 ಫಸಲಿದು, ಅಂದ್ರ 1907–08. ಕೂಡ್ಸದೇ ಇಟ್ರ ನಿಮ್ಮಜ್ಜನ ಹೊಲ ಕಂಪ್ಯೂಟರಿನ್ಯಾಗ ಬಹಮನಿ ಸುಲ್ತಾನರ ಪಕ್ಕ ಕೂಡ್ತದ.

ಆ ಅಂಕಿ ಅಷ್ಟೇ ನಾ ಕಲ್ತೀನಿ ನೋಡು. ಉಳಿದದ್ದೆಲ್ಲಾ ಉರ್ದು, ಅದೂ ಕೈಬರಹ. 600 ಡಿಪಿಐನಾಗ ಶಾಯಿ ಎಲ್ಲಿ ಹರಡ್ಯಾದ ಅನ್ನೋದೂ ಕಾಣ್ತದ, ಏನು ಬರ್ದಾರ ಅನ್ನೋದು ಕಾಣಂಗಿಲ್ಲ. ಟೆಸರಾಕ್ಟ್ ಅನ್ನೋ ಅಕ್ಷರ ಓದೋ ಸಾಫ್ಟ್‌ವೇರ್ ಅಚ್ಚಿನ ಕನ್ನಡ, ಅಚ್ಚಿನ ಉರ್ದು ಓದ್ತದ, ಮುನ್ಷಿಯ ಓಟದ ಕೈ ಮುಂದ ಕೈಚೆಲ್ತದ. ಓದೋ ಹಿರಿಯರು ನಮ್ಮ ಓಣ್ಯಾಗೇ ಇನ್ನೂ ಇದ್ದಾರ. ಒಂದು ಚಹಾದಾಗ ಆಗೋ ಕೆಲಸ. ನಾ ಹೋಗಿಲ್ಲ. ನಮ್ಮ ಹೊಲದ ಕಾಗದದ ಮ್ಯಾಲ 1358 ಅಂತ ಅದ. 590 ಕೂಡ್ಸಿ ನೋಡು: 1948–49, ನಿಜಾಮರ ರಾಜ್ಯ ಭಾರತಕ್ಕ ಸೇರಿದ ಹೊತ್ತು. ಆ ವರ್ಷ ನಮ್ಮ ಕಡಿ ಊರು ಬಿಟ್ಟು ಹೋದವರು ಯಾರು, ಅವರ ಹೊಲ ಯಾರ ಕೈಗೆ ಯಾವ ಬೆಲಿಗೆ ಬಂತು, ಮನ್ಯಾಗ ಯಾರೂ ಮಾತಾಡಿದ್ದು ಕೇಳಿಲ್ಲ. ಇರ್ಬಹುದು, ಸರಿಯಾಗೇ ರೊಕ್ಕ ಕೊಟ್ಟು ಕೊಂಡಿರ್ಬಹುದು. ಓದಿಸಿದ್ರ ಗೊತ್ತಾಗ್ತದ, ಅದಕ್ಕೇ ಓದಿಸಿಲ್ಲ. ಮನ್ಯಾಗ ಎಲ್ರೂ "ಎಷ್ಟು ಚಂದ ಜೋಪಾನ ಮಾಡ್ಯಾನ" ಅಂತಾರ. ಎರಡು ಹಾರ್ಡ್ ಡಿಸ್ಕಿನ್ಯಾಗ ಜೋಪಾನ ಮಾಡೀನಿ, ಮೂರನೇದು ಕ್ಲೌಡಿನ್ಯಾಗ.

ಹೋಗ್ಲಿ ಬಿಡು, ಸ್ಕ್ಯಾನರ್ ಕೇಳಿದವನಿಗೆ ಪುರಾಣ ಹೇಳ್ಲಾಕತ್ತೀನಿ. ಲೈಡ್ 300 ತಗೊ, 300 ಡಿಪಿಐನಾಗ ಒಂದು ಹಾಳಿಗೆ ಸುಮಾರು 10 ಸೆಕೆಂಡ್. ಟೈಪ್-ಸಿ ವೈರೇ ಬೇಕಂದ್ರ 400. ಟ್ರಂಕಿನ್ಯಾಗ ಲೀಗಲ್ ಹಾಳಿ ಭಾಳ ಇದ್ರ ವಿ39. ಸೇರ್ಸೋದು ಬರ್ಲಿಲ್ಲಂದ್ರ ಫೋನ್ ಮಾಡು, ಮಧ್ಯಾಹ್ನ ಎರಡರಿಂದ ನಾಕರ ತನಕ ಮಾತ್ರ ಬ್ಯಾಡ. ಆ ಹೊತ್ತಿಗೆ ನಾ ಕ್ಯಾಲಿಬ್ರೇಶನ್‌ನಾಗ ಇರ್ತೀನಿ, ಮುಚ್ಚಳ ಹಾಕ್ಕೊಂಡು.

ನಿನ್ನವ,
ಎರಡನೇ ಚಾವಿ